ಸ್ಪ್ರಿಂಗ್ ಸೋತಿದೆ ಎಂದವನು

ಅಮ್ಮನ ಕೀಬೋರ್ಡು ಎತ್ತಿದರೆ ಒಳಕಲ್ಲಿನ ಗುಂಡಿನಷ್ಟು ಭಾರ. ದೊಡ್ಡಬಳ್ಳಾಪುರದ ಒಂದು ನೂಲಿನ ಕಾರ್ಖಾನೆಯ ಆಫೀಸಿನಲ್ಲಿ ಅವಳು ಟೈಪಿಸ್ಟ್ ಆಗಿದ್ದಳು. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಕಾರ್ಖಾನೆ ಬಾಗಿಲು ಹಾಕಿದಾಗ ಮೇಜು, ಬೀರು, ಫ್ಯಾನು ಎಲ್ಲ ಗುಜರಿಯವನ ಟೆಂಪೋ ಹತ್ತಿದವು. ಅಮ್ಮ ಮ್ಯಾನೇಜರರನ್ನು ಕೇಳಿ ತನ್ನ ಕೀಬೋರ್ಡನ್ನು ಮಾತ್ರ ಉಳಿಸಿಕೊಂಡು, ಮಗುವನ್ನು ತಬ್ಬಿಕೊಂಡ ಹಾಗೆ ತಬ್ಬಿಕೊಂಡು ಮನೆಗೆ ತಂದಳು.

ಆಮೇಲೆ ಅವಳು ಮನೆಯಲ್ಲೇ ಕೂತು ಪತ್ರ ಬರಹಗಾರರಿಗೆ, ವಕೀಲರಿಗೆ ಟೈಪ್ ಮಾಡಿಕೊಡುತ್ತಿದ್ದಳು. ನಮ್ಮ ಬೀದಿಯಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಬೆಳಗಿನಿಂದ ರಾತ್ರಿಯವರೆಗೆ ಗೋಡೆ ಅದುರುವ ಸದ್ದು. ಆ ಸದ್ದಿನೊಳಗೂ ಅಮ್ಮನ ಕೀಬೋರ್ಡಿನ ಸದ್ದು ಬೇರೆಯಾಗಿ ಕೇಳುತ್ತಿತ್ತು. ಒಂದೊಂದು ಕೀ ಒತ್ತಿದಾಗಲೂ ಹಸಿ ಹುರುಳಿಕಾಯಿ ಮುರಿದಂತೆ ಒಂದು ಚಿಟಕು. ಆಯುಧ ಪೂಜೆಯ ದಿನ ಹೊಲಿಗೆ ಮಿಷನ್ನಿಗೆ, ಗ್ಯಾಸ್ ಒಲೆಗೆ, ನನ್ನ ಬೈಕಿಗೆ ಪೂಜೆಯಾದ ಮೇಲೆ ಕೊನೆಗೆ ಕೀಬೋರ್ಡಿಗೆ ಅವಳೇ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಧಾರಾಳದ ಕೈ. ಕೀಗಳ ಸಂದಿಯಲ್ಲೆಲ್ಲ ಕೆಂಪು ಪುಡಿ ಇಳಿದಿರುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಹಾಗೇ ಇಟ್ಟಿದ್ದೆ. ನಾನು ನೆಲಮಂಗಲದ ಕಡೆ ಒಂದು ಗೋಡೌನಿನಲ್ಲಿ ಲೆಕ್ಕಪತ್ರ ನೋಡುವವನು. ಕೆಲಸದಿಂದ ಬಂದವನು ಕೆಲವೊಮ್ಮೆ ಕಂಪ್ಯೂಟರ್ ಹಾಕದೆಯೇ ನಾಲ್ಕಾರು ಕೀ ಒತ್ತಿ ಏಳುತ್ತಿದ್ದೆ. ಹೆಂಡತಿ ನೋಡಿದರೂ ನೋಡದವಳ ಹಾಗೆ ಇರುತ್ತಿದ್ದಳು.

ನನಗೊಬ್ಬ ಗೆಳೆಯನಿದ್ದ. ಡಿಪ್ಲೊಮಾ ಓದುವಾಗ ಒಂದೇ ಬೆಂಚು. ಅವನ ಊರು ಮಾಕಳಿದುರ್ಗದ ಹತ್ತಿರ. ಬೆಳಗ್ಗೆ ಊರು ಬಿಟ್ಟರೆ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಅಮ್ಮ ಅವನಿಗೂ ನನಗೂ ಒಂದೇ ತಟ್ಟೆ ಅಳತೆಯಲ್ಲಿ ಬಡಿಸುತ್ತಿದ್ದಳು. ನನಗೆ ಕೂತು ಕಲಿಯುವ ತಾಳ್ಮೆ ಇರಲಿಲ್ಲ. ಹತ್ತು ಬೆರಳಿನಲ್ಲಿ ಟೈಪ್ ಮಾಡುವುದನ್ನು ಅವಳಿಂದ ಕಲಿತವನು ಅವನೇ. ಆಮೇಲೆ ಹೊಸಕೋಟೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ವಿಭಾಗಕ್ಕೆ ಸೇರಿ ಅಲ್ಲೇ ಮನೆ ಮಾಡಿದ. ಅವನಿಗೆ ಹಳೇ ಕೀಬೋರ್ಡುಗಳ ಹುಚ್ಚು. ಗುಜರಿಯಲ್ಲಿ ಹುಡುಕುತ್ತಾನೆ, ಬಿಚ್ಚುತ್ತಾನೆ, ತೊಳೆಯುತ್ತಾನೆ, ಅಂಥದೇ ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುತ್ತಾನೆ. ಅಮ್ಮನ ಕೀಬೋರ್ಡು ಈಗಿನ ಕಂಪ್ಯೂಟರಿಗೆ ಹತ್ತಲಿ ಎಂದು ನಡುವೆ ಹಾಕುವ ಪುಟ್ಟ ಡಬ್ಬಿಯೊಂದನ್ನು ತಂದುಕೊಟ್ಟವನೂ ಅವನೇ.

ಅಮ್ಮನ ವರ್ಷದ ತಿಥಿಗೆ ಬಂದವನು ಮೇಜಿನ ಹತ್ತಿರ ನಿಂತು ಕೀಗಳ ಮೇಲೆ ಬೆರಳಾಡಿಸಿದ.

"ಧೂಳು ಒಳಗಿಳಿದಿದೆ ಕಣೋ. ಹಿಂಗೇ ಬಿಟ್ರೆ ತುಕ್ಕು ಹಿಡಿಯುತ್ತೆ. ಕೊಡು, ಕ್ಲೀನ್ ಮಾಡಿ ತಂದುಕೊಡ್ತೀನಿ" ಅಂದ.

ಬೇರೆ ಯಾರಾದರೂ ಕೇಳಿದ್ದರೆ ಕೊಡುತ್ತಿರಲಿಲ್ಲ. ಹೆಂಡತಿ ಅದನ್ನು ಹಳೇ ದುಪ್ಪಟಿಯಲ್ಲಿ ಸುತ್ತಿಕೊಟ್ಟಳು. ಅವನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದ. ಕೇಳಿದಾಗೆಲ್ಲ "ಇನ್ನೊಂದ್ ವಾರ ಗುರು" ಅನ್ನುತ್ತ, ಬಹಳ ದಿನ ಇಟ್ಟುಕೊಂಡ.

ತಂದಾಗ ಕೀಬೋರ್ಡು ಹೊಸದರ ಹಾಗೆ ಇತ್ತು. ಮೇಲಿನ ಕೀಗಳು ಅಮ್ಮನವೇ, ಅವಳ ಬೆರಳು ತಾಗಿ ನುಣುಪಾದ ಜಾಗವೆಲ್ಲ ಹಾಗೇ ಇತ್ತು. ಸಂತೋಷದಿಂದ ಒತ್ತಿದೆ. ಏನೋ ಇರಲಿಲ್ಲ. ಸದ್ದು ಬರುತ್ತಿತ್ತು, ಆದರೆ ಒಣಗಿದ ಸದ್ದು. ಬೆರಳಿಗೆ ಆ ಸಣ್ಣ ಎದುರೇಟು ಸಿಗಲಿಲ್ಲ. ಇನ್ನೊಂದು ಕೀ ಒತ್ತಿದೆ, ಮತ್ತೊಂದು.

"ಹಿಂಗಿರ್ಲಿಲ್ಲ ಅಲ್ವೇನೋ ಇದು?" ಅಂದೆ.

ಅವನು ತಡಮಾಡದೆ ಉತ್ತರ ಕೊಟ್ಟ. "ಸ್ಪ್ರಿಂಗ್ ಸೋತಿದೆ ಕಣೋ. ಎಷ್ಟು ವರ್ಷದ್ದು ನೋಡು. ಕೊಳೆ ತುಂಬಿದ್ದಾಗ ಗೊತ್ತಾಗ್ತಿರ್ಲಿಲ್ಲ, ಈಗ ತೊಳೆದಿದೀವಲ್ಲ, ನಿಜ ಗೊತ್ತಾಗ್ತಿದೆ. ಚಿಂತೆ ಮಾಡ್ಬೇಡ, ಸರಿಯಾದ ಸ್ಪ್ರಿಂಗ್ ಹುಡುಕಿ ಹಾಕೋಣ. ಇಬ್ರೂ ಸೇರಿ ಮಾಡೋಣ."

ಇಬ್ಬರೂ ಸೇರಿ ಎಂದದ್ದು ನನಗೆ ಹಿಡಿಸಿತು. ಅಮ್ಮ ಹೋದ ಮೇಲೆ ಅವನು ನಮ್ಮ ಮನೆಗೆ ಬರುವುದು ಕಡಿಮೆಯಾಗಿತ್ತು. ಈಗ ಭಾನುವಾರ ಬಂತೆಂದರೆ ಹೊಸಕೋಟೆಯಿಂದ ಸೂಲಿಬೆಲೆ, ದೇವನಹಳ್ಳಿ ಮೇಲೆ ಬಸ್ಸು ಬದಲಿಸಿಕೊಂಡು ಬಂದುಬಿಡುತ್ತಿದ್ದ. ಹೆಂಡತಿ ಮುದ್ದೆ ಸಾರು ಮಾಡಿರುತ್ತಿದ್ದಳು. ಉಂಡು ಮೇಜಿನ ಹತ್ತಿರ ಕೂರುತ್ತಿದ್ದೆವು.

ಒಂದೊಂದು ಕೀಯ ಕೆಳಗೂ ಒಂದೊಂದು ಸ್ವಿಚ್ಚು. ಆ ಜಾತಿಯ ಸ್ವಿಚ್ಚಿನಲ್ಲಿ ಒಂದು ಅನುಕೂಲವಿದೆ. ಸ್ಪ್ರಿಂಗು ಬದಲಿಸಲು ಬೆಸುಗೆ ಬಿಡಿಸಬೇಕಿಲ್ಲ. ಎರಡು ಪಕ್ಕ ಸಣ್ಣ ತಗಡು ತೂರಿಸಿ ಮೀಟಿದರೆ ಮೇಲಿನ ಮುಚ್ಚಳ ಕಳಚಿ ಬರುತ್ತದೆ. ಒಳಗೆ ಒಂದು ಪ್ಲಾಸ್ಟಿಕ್ ಕಡ್ಡಿ, ಚಿಟಕು ಸದ್ದು ಮಾಡುವ ತೆಳ್ಳನೆಯ ತಗಡಿನ ಪಟ್ಟಿ, ಕಡ್ಡಿಯ ಕೆಳಗೆ ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣದೊಂದು ಸ್ಪ್ರಿಂಗು. ಹಳೆಯದನ್ನು ಚಿಮಟದಲ್ಲಿ ತೆಗೆದು ಹೊಸದನ್ನು ಕೂರಿಸಿ ಮುಚ್ಚಳ ಒತ್ತಿದರೆ ಆಯಿತು. ಬಿಚ್ಚುವ ಕೆಲಸ ಅವನದು. "ನೀನು ಮುರಿದುಬಿಡ್ತೀಯ, ಬಿಡು" ಅನ್ನುತ್ತಿದ್ದ.

ತೂಕ ನೋಡುವ ಉಪಾಯ ನನ್ನದು. ಸಿರಪ್ ಬಾಟಲಿಯ ಮುಚ್ಚಳವನ್ನು ಕೀ ಮೇಲೆ ಅಂಟಿಸಿ ಅದಕ್ಕೆ ರಾಗಿ ಸುರಿಯುತ್ತಿದ್ದೆವು. ಒಂದೊಂದೇ ಚಿಟಿಕೆ ರಾಗಿ ಬೀಳುತ್ತಾ ಬೀಳುತ್ತಾ ಯಾವಾಗಲೋ ಒಮ್ಮೆ ಕೀ ತಾನಾಗಿ ಕುಸಿದು ಚಿಟಕು ಅನ್ನುತ್ತದೆ. ಆಗ ಆ ರಾಗಿಯನ್ನು ಪುಟ್ಟ ತಕ್ಕಡಿಗೆ ಹಾಕಿ ತೂಗುವುದು. ಹೆಚ್ಚು ರಾಗಿ ಹಿಡಿದರೆ ಸ್ಪ್ರಿಂಗು ಗಟ್ಟಿ, ಕಡಿಮೆ ಹಿಡಿದರೆ ಮೆದು. ಕಿವಿಯ ಪರೀಕ್ಷೆಗೆ ಮಾತ್ರ ಕರೆಂಟು ಹೋಗಬೇಕಿತ್ತು. ಮಗ್ಗಗಳು ಓಡುವಾಗ ಸೂಕ್ಷ್ಮ ತಿಳಿಯದು. ಕರೆಂಟು ಹೋಗಿ ಬೀದಿಗೆ ಬೀದಿಯೇ ಥಟ್ಟನೆ ಮೌನವಾದಾಗ ನಾವಿಬ್ಬರೂ ಊಟದ ತಟ್ಟೆ ಬಿಟ್ಟೂ ಎದ್ದು ಓಡಿದ್ದುಂಟು. ಅವನು ಕಣ್ಣು ಮುಚ್ಚಿ ತಲೆ ವಾಲಿಸಿ ಕೇಳುತ್ತಿದ್ದ. "ಇನ್ನೂ ಸ್ವಲ್ಪ ಗಟ್ಟಿ ಇದೆ ಕಣೋ" ಅನ್ನುತ್ತಿದ್ದ. ಮುಂದಿನ ವಾರ, "ಇದು ಮೆತ್ತಗಾಯ್ತು."

ಆನ್‌ಲೈನಿನಲ್ಲಿ ತರಿಸಿದ ಸ್ಪ್ರಿಂಗುಗಳು ಆದವು. ಆಮೇಲೆ ನಮ್ಮೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಗ್ಗದ ಮಿಷನ್ನುಗಳಿಗೆ ಸ್ಪ್ರಿಂಗು ಸುತ್ತುವ ಒಬ್ಬರ ಹತ್ತಿರ ಹೋದೆವು. ಅವರು ನಮ್ಮ ಮಾದರಿಯನ್ನು ಅಂಗೈ ಮೇಲೆ ಹಾಕಿಕೊಂಡು ನಕ್ಕರು. "ಏನಪ್ಪಾ ಇದು, ಸೊಳ್ಳೆಗೆ ಹಾಕ್ತೀರಾ?" ಆದರೂ ಸಣ್ಣ ತಂತಿ ತರಿಸಿ ಸುತ್ತಿಕೊಟ್ಟರು. ಒಂದು ಸಾಲದೆ ಇನ್ನೊಂದು ಬಗೆ, ಅದೂ ಸಾಲದೆ ಮತ್ತೊಂದು. ಪ್ರತಿ ಸಲವೂ ಹೊಸ ಆಸೆಯಿಂದ ತಂದು ಹಾಕಿ ಒತ್ತುತ್ತಿದ್ದೆ. ಪ್ರತಿ ಸಲವೂ ಅದೇ ಒಣ ಸದ್ದು.

ಒಂದು ಭಾನುವಾರ ಸೋತು ಹೇಳಿದೆ. "ಅಮ್ಮ ಟೈಪ್ ಮಾಡ್ವಾಗ ಅಡುಗೆಮನೆಗೂ ಕೇಳ್ತಿತ್ತಲ್ಲೋ. ಇದು ಮುಂದೆ ಕೂತ್ರೂ ಕೇಳಲ್ಲ."

ಅವನು ನನ್ನ ಭುಜದ ಮೇಲೆ ಕೈ ಇಟ್ಟ. "ನೋಡೋ, ಬೇಜಾರ್ ಮಾಡ್ಕೋಬೇಡ. ಅಮ್ಮ ಹೋದ್ಮೇಲೆ ಎಲ್ಲಾ ಚೆನ್ನಾಗಿತ್ತು ಅನ್ಸುತ್ತೆ. ಅದು ಅಷ್ಟೊಂದೇನೂ ಇರ್ಲಿಲ್ವೇನೋ. ನಿನ್ ನೆನಪು ಜಾಸ್ತಿ ಮಾಡಿ ಹೇಳ್ತಿರ್ಬೋದು."

ಅದನ್ನು ನಾನು ನಂಬಿದೆ. ಅವನು ಕೀಬೋರ್ಡು ತಿಳಿದವನು, ಅಮ್ಮನನ್ನೂ ತಿಳಿದವನು. ಆ ರಾತ್ರಿಯಿಂದ ನನ್ನ ಬೆರಳುಗಳ ಮೇಲೇ ನನಗೆ ಅನುಮಾನ. ಅಮ್ಮನ ದನಿಯನ್ನೂ ಹೀಗೇ ಹೆಚ್ಚು ಮಾಡಿ ನೆನಪಿಟ್ಟಿದ್ದೀನಾ, ಅವಳ ಕೈರುಚಿಯನ್ನೂ? ಇಂಥ ಯೋಚನೆಗಳು ಗೋಡೌನಿನಲ್ಲಿ ಕೂತಾಗಲೂ ಬರುತ್ತಿದ್ದವು.

ನಡುವೆ ಒಮ್ಮೆ ಅವನ ಮಗಳ ಹುಟ್ಟುಹಬ್ಬಕ್ಕೆ ಹೊಸಕೋಟೆಗೆ ಹೋಗಿದ್ದೆವು. ಅವನ ಕೋಣೆಯಲ್ಲಿ ಹೊಸದೊಂದು ಕೀಬೋರ್ಡಿತ್ತು. ಅಲ್ಯೂಮಿನಿಯಂ ಮೈ, ಮೇಲೆ ಕಪ್ಪು ಕೀಗಳು. ಅವನು ಹೊರಗೆ ಬಂದವರನ್ನು ಮಾತಾಡಿಸುತ್ತಿದ್ದ. ನಾನು ಸುಮ್ಮನೆ ಕೂತು ಒಂದು ಸಾಲು ಟೈಪ್ ಮಾಡಿದೆ. ಕೈ ನಿಂತುಬಿಟ್ಟಿತು. ಹುರುಳಿಕಾಯಿ ಮುರಿದ ಸದ್ದು.

ಅವನು ಒಳಗೆ ಬಂದಾಗ ಹೇಳಿದೆ. "ಲೇ, ಇದು ಅಮ್ಮನ ಥರಾನೇ ಇದೆ ಕಣೋ. ಇದೇ. ನಾನು ಹೇಳ್ತಿದ್ದಿದ್ದು ಇದೇ ಸದ್ದು."

"ಒಂದೇ ಕಾಲದ ಮಾಲು ಗುರು, ಯಾವ್ದೋ ಗುಜರಿಲಿ ಸಿಕ್ತು" ಅಂದವನು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ. "ಬಾ, ಕೇಕ್ ಕಟ್ ಮಾಡ್ತಾವ್ರೆ."

ನನಗೆ ಆಗಲೂ ಹೊಳೆಯಲಿಲ್ಲ. ನನ್ನ ನೆನಪು ಸುಳ್ಳಲ್ಲ ಎಂದು ಗೊತ್ತಾದ ಸಂತೋಷದಲ್ಲೇ ಬಸ್ಸಿನಲ್ಲಿ ಹೆಂಡತಿಗೆ ಅದನ್ನೇ ಹೇಳುತ್ತ ಬಂದೆ.

ಗೊತ್ತಾದದ್ದು ಅವನು ಬರಲಾಗದ ಒಂದು ಭಾನುವಾರ. ಸ್ಪ್ರಿಂಗಿನವರು ಹೊಸ ಬಗೆಯೊಂದನ್ನು ಸುತ್ತಿಕೊಟ್ಟಿದ್ದರು, ನನಗೆ ಕಾಯಲು ಮನಸ್ಸಾಗಲಿಲ್ಲ. ನಾನೇ ಬಿಚ್ಚೋಣ, ಮುರಿದರೆ ಅಕ್ಷರದ ಕೀ ಹಾಳಾಗುವುದು ಬೇಡ ಎಂದು ಮೇಲಿನ ಸಾಲಿನ ಬಲತುದಿಯಲ್ಲಿದ್ದ ಸ್ಕ್ರೋಲ್ ಲಾಕ್ ಕೀ ಆರಿಸಿಕೊಂಡೆ. ಅದನ್ನು ಯಾರೂ ಒತ್ತುವುದಿಲ್ಲ. ಅಮ್ಮನೂ ಒತ್ತಿದ್ದನ್ನು ನಾನು ಕಂಡಿಲ್ಲ. ಬಿಚ್ಚುವ ಮುಂಚೆ ಒಮ್ಮೆ ಒತ್ತಿ ನೋಡಿದೆ.

ಚಿಟಕು ಅಂದಿತು.

ಮತ್ತೆ ಒತ್ತಿದೆ. ಅಡುಗೆಮನೆಯಿಂದ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು. "ಅತ್ತೆ ಕೂತಿದ್ದಂಗಾಯ್ತು" ಅಂದಳು.

ನನಗೆ ಕುಣಿಯುವಷ್ಟು ಖುಷಿ. ಯಾರೂ ಒತ್ತದ ಕೀ, ಹಾಗಾಗಿ ಇದರ ಸ್ಪ್ರಿಂಗು ಮಾತ್ರ ಸೋತಿಲ್ಲ, ಇದೇ ಸರಿಯಾದ ಅಳತೆ ಎಂದುಕೊಂಡೆ. ರಾಗಿ ಸುರಿದು ತೂಗಿದೆ. ಸ್ಪ್ರಿಂಗಿನವರು ಕೊಟ್ಟ ಹೊಸದನ್ನು ಪಕ್ಕದ ಕೀಗೆ ಹಾಕಿ ತೂಗಿದೆ. ಎರಡೂ ಹೆಚ್ಚುಕಡಿಮೆ ಒಂದೇ ತೂಕ. ಗೆದ್ದೆ ಎಂದು ಆ ಪಕ್ಕದ ಕೀ ಒತ್ತಿದೆ. ಒಣ ಸದ್ದು.

ಹೊಸ ತಂತಿಯ ದೋಷವಿರಬಹುದು ಅನ್ನಿಸಿತು. ಸ್ಕ್ರೋಲ್ ಲಾಕಿನ ಹಳೇ ಸ್ಪ್ರಿಂಗನ್ನೇ ತೆಗೆದು ಪಕ್ಕದ್ದಕ್ಕೆ ಹಾಕಿದೆ. ಆಗಲೂ ಒಣ ಸದ್ದೇ. ಪಕ್ಕದ ಕೀಯಿಂದ ಮೊದಲು ತೆಗೆದಿಟ್ಟಿದ್ದ 'ಸೋತ' ಸ್ಪ್ರಿಂಗು ಡಬ್ಬಿಯಲ್ಲಿತ್ತು. ಅದನ್ನು ಸ್ಕ್ರೋಲ್ ಲಾಕಿಗೆ ಹಾಕಿ ಒತ್ತಿದೆ. ಸ್ವಲ್ಪ ಹಗುರ, ಅಷ್ಟೆ. ಸದ್ದು ಮಾತ್ರ ಅಮ್ಮನದೇ.

ಸ್ಪ್ರಿಂಗು ಸೋತಿರಲೇ ಇಲ್ಲ. ಸ್ವಿಚ್ಚೇ ಬೇರೆ.

ಎರಡನ್ನೂ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುವ ಎರಡರ ಒಳಗು ಬೇರೆ ಬೇರೆ. ಸ್ಕ್ರೋಲ್ ಲಾಕಿನ ಕಡ್ಡಿ ಮಾಸಿದ ನೀಲಿ, ಪಕ್ಕದ ಕೀಯದು ಮಿಂಚುವ ನೀಲಿ. ಚಿಟಕಿನ ಪಟ್ಟಿಯ ಆಕಾರ ಬೇರೆ. ಸ್ಕ್ರೋಲ್ ಲಾಕಿನ ಮುಚ್ಚಳದ ಅಂಚಿನಲ್ಲಿ ಕುಂಕುಮ ಗೆರೆಯ ಹಾಗೆ ಮೆತ್ತಿಕೊಂಡಿತ್ತು. ಬೆರಳಿಗೆ ಹತ್ತಿತು. ಉಳಿದ ಸ್ವಿಚ್ಚುಗಳನ್ನು ಒಂದಾದ ಮೇಲೊಂದು ಬಿಚ್ಚಿದೆ. ಯಾವುದರಲ್ಲೂ ಕುಂಕುಮದ ಸುಳಿವಿಲ್ಲ. ತೊಳೆದದ್ದಕ್ಕೆ ಹೋಯಿತೆನ್ನಲು ಇದೊಂದರಲ್ಲಿ ಯಾಕೆ ಉಳಿಯಿತು?

ಹೆಂಡತಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು, "ಅವತ್ತು ಹೊಸಕೋಟೇಲಿ ನೀವು ಟೈಪ್ ಮಾಡಿದ್ರಲ್ಲ…" ಎಂದು ಅಲ್ಲಿಗೇ ನಿಲ್ಲಿಸಿದಳು.

ಮಾರನೇ ದಿನ ರಜೆ ಹಾಕಿ ಹೊಸಕೋಟೆಗೆ ಹೋದೆ. ಬಸ್ಸಿನಲ್ಲಿ ಅವನನ್ನು ಉಳಿಸಲು ನಾನೇ ಕಾರಣ ಹುಡುಕುತ್ತಿದ್ದೆ. ಯಾರೋ ಅವನಿಗೇ ಮೋಸ ಮಾಡಿರಬಹುದು. ತೊಳೆಯಲು ಬೇರೆಯವರಿಗೆ ಕೊಟ್ಟಿರಬಹುದು, ಅವರು ಬದಲಾಯಿಸಿರಬಹುದು. ಸೂಲಿಬೆಲೆ ದಾಟುವಷ್ಟರಲ್ಲಿ ಇದನ್ನೇ ಅರ್ಧ ನಂಬಿಯೂ ಬಿಟ್ಟಿದ್ದೆ.

ಅವನು ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಅವನ ಹೆಂಡತಿ ನನ್ನನ್ನು ನೋಡಿ ಖುಷಿಯಾಗಿ, "ಅಣ್ಣ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ಒಳಗೆ ಹೋದರು. ನಾನು ನೇರ ಅವನ ಕೋಣೆಗೆ ಹೋಗಿ ಆ ಅಲ್ಯೂಮಿನಿಯಂ ಕೀಬೋರ್ಡಿನ ಕಪ್ಪು ಕೀ ಒಂದನ್ನು ಎಳೆದು ತೆಗೆದೆ. ಜೇಬಿನಲ್ಲಿದ್ದ ತಗಡಿನಿಂದ ಮುಚ್ಚಳ ಮೀಟಿದೆ. ಮಾಸಿದ ನೀಲಿ. ಅಂಚಿನಲ್ಲಿ ಕೆಂಪು.

ಅವನು ಬಾಗಿಲು ಮುಂದೆ ಮಾಡಿ ಅದಕ್ಕೆ ಒರಗಿ ನಿಂತ. ಇಲ್ಲ ಅನ್ನಲಿಲ್ಲ.

"ಹೆಂಗ್ ಗೊತ್ತಾಯ್ತು?"

"ಸ್ಕ್ರೋಲ್ ಲಾಕ್ ಬಿಟ್ಟಿದ್ದೆಯಲ್ಲ."

"ಅಲ್ಲಿ ಬೋರ್ಡ್ ಸುಟ್ಟೋಗೋ ಹಂಗಿತ್ತು. ಕೀಳಕ್ಕೆ ಹೋದ್ರೆ ಎಲ್ಲಾ ಕಿತ್ಕೊಂಡ್ ಬರ್ತಿತ್ತು" ಅಂದ. ಯಾವುದೋ ರಿಪೇರಿಯ ವಿವರ ಹೇಳುವವನ ದನಿ. ಆಮೇಲೆ ನೆಲ ನೋಡುತ್ತ, "ಅಂಥ ಸ್ವಿಚ್ಚು ಈಗ ಎಲ್ಲೂ ಸಿಗಲ್ಲ ಕಣೋ. ನಿಮ್ಮನೇಲಿ ಅದು ಸುಮ್ನೆ ಕೂತಿತ್ತು. ನೀನು ದಿನಾ ನಾಕು ಕೀ ಒತ್ತಿ ಏಳ್ತಿದ್ದೆ. ಇಲ್ಲಿ ನಾನು ದಿನಾ ಟೈಪ್ ಮಾಡ್ತೀನಿ. ಅಮ್ಮ ಕಲಿಸಿದ್ದು ನಂಗೇ ಅಲ್ವಾ" ಅಂದ.

"ಕೇಳಿದ್ರೆ ಕೊಡ್ತಿದ್ನಲ್ಲೋ."

"ಕೊಡ್ತಿರ್ಲಿಲ್ಲ ನೀನು."

ಕೊಡುತ್ತಿದ್ದೆನೋ ಏನೋ. ನನ್ನನ್ನು ಸುಡುತ್ತಿದ್ದದ್ದು ಬೇರೆ.

"ತಗೊಂಡೆ, ತಗೊಂಡೆ ಬಿಡು. ಆ ಭಾನುವಾರಗಳೆಲ್ಲ ಯಾಕೋ ಬಂದೆ? ರಾಗಿ ಸುರಿಯೋವಾಗ ಪಕ್ಕದಲ್ಲೇ ಕೂತಿದ್ದೆ. ಇನ್ನೂ ಸ್ವಲ್ಪ ಗಟ್ಟಿ ಇದೆ ಅಂದೆ. ನಿನ್ ನೆನಪೇ ಸುಳ್ಳು ಅಂದೆ. ಹೆಂಗೆ ಅನ್ನಕ್ಕೆ ಬಾಯಿ ಬಂತು?"

"ಒಂದ್ಸಲ ಸ್ಪ್ರಿಂಗ್ ಅಂದ್ಬಿಟ್ಟೆ. ಆಮೇಲೆ ಬಿಡಕ್ಕಾಗ್ಲಿಲ್ಲ" ಅಂದ. "ನಿಮ್ಮನೆಗೆ ಬರೋದು ಚೆನ್ನಾಗೂ ಇತ್ತು."

ಕೊನೆಯ ಮಾತು ಅವನು ಹೇಳದಿದ್ದರೇ ಚೆನ್ನಾಗಿತ್ತು. ಅದು ನಿಜವೇ ಇರಬೇಕು. ಮುದ್ದೆ ಮುರಿಯುತ್ತ ಅವನು ನಕ್ಕದ್ದೆಲ್ಲ ನಟನೆ ಎನ್ನಲು ನನಗೆ ಇವತ್ತಿಗೂ ಆಗುವುದಿಲ್ಲ. ಹಾಗಂತ ಆ ನಗೆಯನ್ನು ಎಲ್ಲಿಡಬೇಕೋ ಅದೂ ತಿಳಿಯುವುದಿಲ್ಲ.

"ಬಿಚ್ಚಿ ನಾನೇ ವಾಪಸ್ ಹಾಕಿಕೊಡ್ತೀನಿ, ಮುಂದಿನ ವಾರ" ಅಂದ. ಬೇಡ, ಇಡೀದನ್ನೇ ಒಯ್ಯುತ್ತೇನೆ ಎಂದೆ. ಅವನು ಕಪ್ಪು ಕೀಗಳನ್ನೂ ತೆಗೆಯದೆ, ಚೀಲ ಹುಡುಕಿ ಅದರಲ್ಲಿಟ್ಟುಕೊಟ್ಟ. ಹೊರಬಂದಾಗ ಅವನ ಹೆಂಡತಿ ತಟ್ಟೆ ಹಾಕಿದ್ದರು. ಹೊಟ್ಟೆ ಸರಿಯಿಲ್ಲವಮ್ಮ ಎಂದು ಸುಳ್ಳು ಹೇಳಿ ಹೊರಟೆ. ಅವರು ಗೇಟಿನವರೆಗೂ ಬಂದು, ಮಜ್ಜಿಗೆಯನ್ನಾದರೂ ಕುಡಿಯಿರೆಂದರು.

ನಮ್ಮೂರ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಮಾಡುವವರೊಬ್ಬರಿದ್ದಾರೆ. ಎರಡೂ ಕೀಬೋರ್ಡುಗಳನ್ನು ಅವರ ಮುಂದಿಟ್ಟು, ಇದರ ಹೊಟ್ಟೆಯದನ್ನು ಅದಕ್ಕೆ ಹಾಕಿಕೊಡಿ ಎಂದೆ. ಬಿಡುವಾದಾಗಲೆಲ್ಲ ಕೂತು ಬೆಸುಗೆ ಬಿಡಿಸಿ, ಮತ್ತೆ ಹಾಕಿ, ಕೊನೆಗೂ ಮುಗಿಸಿದರು. ಎರಡು ಸಲ ಕಿತ್ತು ಹಾಕಿದ್ದಕ್ಕೆ ಕೆಲವು ಸ್ವಿಚ್ಚುಗಳ ಕಾಲು ಮುರಿದಿತ್ತು, ಅಲ್ಲೆಲ್ಲ ಬದಲಿ ಸ್ವಿಚ್ಚುಗಳೇ ಉಳಿದವು. ಅಲ್ಯೂಮಿನಿಯಂ ಮೈಯನ್ನು ಕೊರಿಯರಿನಲ್ಲಿ ಹೊಸಕೋಟೆಗೆ ಕಳಿಸಿದೆ. ತಲುಪಿತು ಎಂದು ಮೆಸೇಜು ಬಂತು, ಅದಕ್ಕೆ ನಾನು ಏನೂ ಬರೆಯಲಿಲ್ಲ.

ಈಗ ಕೀಬೋರ್ಡು ಮೊದಲಿನ ಹಾಗೇ ಸದ್ದು ಮಾಡುತ್ತದೆ. ಇದನ್ನು ಬರೆಯುತ್ತಿರುವುದೂ ಅದರಲ್ಲೇ. ಸಾಲಿನ ನಡುವೆ ಆ ಕೆಲವು ಕೀಗಳು ಬಂದಾಗ ಸದ್ದು ತಗ್ಗುತ್ತದೆ, ಬೆರಳು ಗುರುತು ಹಿಡಿಯುತ್ತದೆ. ಸರಿಯಾಗಿ ಚಿಟಕು ಎಂದ ಕೀಗಳೂ ನನ್ನನ್ನು ಅಮ್ಮನ ಹತ್ತಿರ ಮೊದಲಿನಷ್ಟು ನೇರವಾಗಿ ಕರೆದೊಯ್ಯುವುದಿಲ್ಲ. ಕಣ್ಣು ಮುಚ್ಚಿ ತಲೆ ವಾಲಿಸಿ ಕೇಳುತ್ತಿದ್ದ ಅವನ ಮುಖ ನಡುವೆ ಬಂದು ನಿಲ್ಲುತ್ತದೆ. ಸ್ವಿಚ್ಚುಗಳು ಮರಳಿ ಸಿಕ್ಕಿದವು. ನನ್ನ ನೆನಪನ್ನು ನಾನೇ ಅನುಮಾನಿಸಿದ ಆ ತಿಂಗಳುಗಳನ್ನು ಯಾರನ್ನು ಕೇಳಿ ವಾಪಸು ಪಡೆಯಲಿ?

ಮೊನ್ನೆ ದೇವನಹಳ್ಳಿಯ ಒಂದು ಛತ್ರದಲ್ಲಿ ಕಾಲೇಜಿನ ಜೊತೆಗಾರನೊಬ್ಬನ ಮಗಳ ಮದುವೆ. ನನ್ನ ಆ ಗೆಳೆಯನೂ ಬಂದಿದ್ದ. ಕೂದಲು ಹೆಚ್ಚು ಬೆಳ್ಳಗಾಗಿತ್ತು. ಕುರ್ಚಿಗಳ ಸಾಲಿನಲ್ಲಿ ಬಂದು ನನ್ನ ಪಕ್ಕ ಒಂದು ಕುರ್ಚಿ ಬಿಟ್ಟು ಕೂತ.

"ಹೆಂಗಿದೆ ಈಗ?" ಅಂದ.

"ಚೆನ್ನಾಗಿದೆ."

ವಾಲಗ ಜೋರಾಗಿತ್ತು. ಅದು ತಗ್ಗಿದ ಮೇಲೆ ಅವನು ನನ್ನ ಕಡೆ ಬಾಗಿದ. "ಒಂದ್ಸಲ ಬರ್ಲೇನೋ? ಆ ಸದ್ದು ಕೇಳ್ಬೇಕು ಅನ್ಸುತ್ತೆ."

"ಬೇಡ" ಅಂದೆ. ಸಿಟ್ಟಿರಲಿಲ್ಲ. ಅವನನ್ನು ಒಳಗೆ ಕರೆದು ಕೂರಿಸುವ ಮನಸ್ಸು ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೆ.

ಅವನು ತಲೆಯಾಡಿಸಿ, ಎದ್ದು ಬೇರೆ ಗೆಳೆಯರ ಗುಂಪಿಗೆ ಹೋದ. ನಾನು ಮದುಮಕ್ಕಳಿಗೆ ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ, ಹೆಂಡತಿಯನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ.